ಗ್ರಾಹಕರ ಪರ ನಿಲ್ಲುವುದೇ ಅಂಕಿಅಂಶ?

ಬೆಂಗಳೂರು: ಪುಸ್ತಕ ಮಾರಾಟದೊಂದಿಗೆ ಫ್ಲಿಪ್‌ಕಾರ್ಟ್ 2007ರಲ್ಲಿ ನಗರದಲ್ಲಿ ಆರಂಭಗೊಂಡ ಬಳಿಕ ಆನ್‌ಲೈನ್ ವಹಿವಾಟಿನ ಹಲವು ಸಂಸ್ಥೆಗಳು ಇಲ್ಲಿ ಬೇರೂರಿದವು. ಅವುಗಳೊಡನೆ ಮಹತ್ವ ಪಡೆದ ಹುದ್ದೆಗಳಲ್ಲಿ ಹಿರಿಯ ಡೇಟಾ ವಿಶ್ಲೇಷಕರದೂ ಒಂದು. ಅಂಗಡಿಯವರು ಗ್ರಾಹಕರ ಮುಖ ನೋಡಿ ಅರಿಯುತ್ತಿದ್ದುದನ್ನು ಇವರು ಕ್ಲಿಕ್ಕುಗಳ ಲೆಕ್ಕದಿಂದ ಅರಿಯಬೇಕು. ಆದರೆ ಈ ಲೆಕ್ಕ ಯಾರ ಹಿತಕ್ಕಾಗಿ ಎಂಬ ಪ್ರಶ್ನೆಗೆ ಈಗ ಕಾನೂನಿನ ಬಲವೂ ಸೇರಿದೆ.

ಈ ವೃತ್ತಿಯ ಮುಖ್ಯ ಸಾಧನ ಎ/ಬಿ ಪರೀಕ್ಷೆ. ಗ್ರಾಹಕರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಹಳೆಯ ಪುಟವನ್ನೂ ಮತ್ತೊಂದಕ್ಕೆ ಹೊಸ ಪುಟವನ್ನೂ ತೋರಿಸಿ ಫಲಿತಾಂಶ ಹೋಲಿಸಲಾಗುತ್ತದೆ. ಎಣಿಸುವ ಕೆಲಸವನ್ನು ಕಿರಿಯರೂ ಮಾಡಬಲ್ಲರು. ಏನನ್ನು ಎಣಿಸಬೇಕು ಎಂದು ಸಲಹೆ ನೀಡುವುದೇ ಹಿರಿಯರ ಹೊಣೆ.

ಸಮಸ್ಯೆಯ ಮೂಲವೂ ಅಲ್ಲಿಯೇ ಇದೆ. ಚಂದಾ ರದ್ದುಪಡಿಸುವ ಗುಂಡಿಯನ್ನು ಹಲವು ಪುಟಗಳ ಹಿಂದೆ ಅಡಗಿಸಿದರೆ ಉಳಿದುಕೊಳ್ಳುವ ಚಂದಾದಾರರ ಸಂಖ್ಯೆ ಏರಬಹುದು. ತಿಂಗಳ ವರದಿಯಲ್ಲಿ ಅದು ಗ್ರಾಹಕರ ನಿಷ್ಠೆಯಂತೆ ಕಾಣುತ್ತದೆ. ಮೆಚ್ಚಿ ಉಳಿದವರೂ ಹೊರಬರಲಾಗದೆ ಉಳಿದವರೂ ಅಲ್ಲಿ ಒಂದೇ ಅಂಕಿ. ದೂರು, ಮರುಪಾವತಿ ಕೋರಿಕೆ ಹಾಗೂ ಸಹಾಯವಾಣಿ ಕರೆಗಳನ್ನು ಜೊತೆಗಿಟ್ಟು ನೋಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಇವು ತಡವಾಗಿ ಬರುತ್ತವೆ. ಅಷ್ಟರಲ್ಲಿ ಹೊಸ ಪುಟ ಜಾರಿಗೆ ಬಂದಿರುತ್ತದೆ.

ಇಂತಹ ತಂತ್ರಗಳನ್ನು ಡಾರ್ಕ್ ಪ್ಯಾಟರ್ನ್ ಎಂದು ಕರೆಯುವ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ 13 ಬಗೆಗಳನ್ನು ಪಟ್ಟಿ ಮಾಡಿತು. ಚಂದಾ ಬಲೆ, ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು, ಸುಳ್ಳು ತುರ್ತು ಸೃಷ್ಟಿಸುವುದು ಇವುಗಳಲ್ಲಿ ಸೇರಿವೆ. ಮೂರು ತಿಂಗಳೊಳಗೆ ಸ್ವಯಂ ಪರಿಶೋಧನೆ ನಡೆಸುವಂತೆ 2025ರ ಜೂನ್‌ನಲ್ಲಿ ಇ-ವಾಣಿಜ್ಯ ಸಂಸ್ಥೆಗಳಿಗೆ ಸೂಚಿಸಿತು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ನೀಡಿದಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ ಪ್ರಮುಖ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಕಾನೂನು ಹೊಣೆ ಹೊರಿಸುವುದು ಸಂಸ್ಥೆಯ ಮೇಲೆ. ಆದರೆ ಗ್ರಾಹಕರಿಗಾಗುವ ತೊಂದರೆ ಸಂಸ್ಥೆಯೊಳಗೆ ಮೊದಲು ಗೋಚರಿಸಬಹುದಾದದ್ದು ವಿಶ್ಲೇಷಕರ ಪರದೆಯ ಮೇಲೆ. ಮಾರಾಟ ಏರಿತೇ ಎಂಬುದಕ್ಕಷ್ಟೇ ಉತ್ತರ ಬಯಸುವ ಆಡಳಿತದ ಮುಂದೆ ಕೇಳದ ಅಂಕಿಯನ್ನೂ ಇಡುವುದು ಸುಲಭವಲ್ಲ. ಸಂಬಳ, ಬಡ್ತಿ ಎರಡೂ ಅದೇ ಆಡಳಿತದ ಕೈಯಲ್ಲಿವೆ.

ಆದ್ದರಿಂದ ಧೈರ್ಯವನ್ನು ವ್ಯಕ್ತಿಗೆ ಬಿಡುವ ಬದಲು ಪದ್ಧತಿಯನ್ನೇ ಬದಲಿಸುವುದು ವಿವೇಕ. ಯಾವ ದೂರು, ಯಾವ ರದ್ದತಿ ಎಷ್ಟು ಏರಿದರೆ ಪರೀಕ್ಷೆ ನಿಲ್ಲಬೇಕೆಂದು ಮೊದಲೇ ಬರೆದಿಡಬೇಕು. ಮಾರಾಟದ ಸಾಲಿನ ಪಕ್ಕದಲ್ಲೇ ಅವುಗಳ ಸಾಲೂ ಇರಬೇಕು. ಅದಿಲ್ಲದಿದ್ದರೆ ಗ್ರಾಹಕರೇ ಮುಖ್ಯ ಎಂಬ ಮಾತು ಜಾಹೀರಾತಿಗಷ್ಟೇ ಸೀಮಿತವಾದೀತು.