ರಸ್ತೆಯನ್ನೂ ಪ್ರಶ್ನಿಸೋಣ

2023ರ ಮೇ 29ರಂದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲೂಕಿನ ಕುರುಬೂರು ಬಳಿ ಖಾಸಗಿ ಬಸ್ಸು ಮತ್ತು ಕಾರಿನ ನಡುವೆ ಡಿಕ್ಕಿ ಸಂಭವಿಸಿ, ಕಾರಿನಲ್ಲಿದ್ದ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಬಳ್ಳಾರಿ ಜಿಲ್ಲೆಯಿಂದ ಪ್ರವಾಸ ಬಂದವರು. ಮೃತರಲ್ಲಿ ಮಕ್ಕಳೂ ಇದ್ದರು. ಕೇಂದ್ರ ಮತ್ತು ರಾಜ್ಯ ಸರಕಾರಗಳು ಮೃತರ ಕುಟುಂಬಗಳಿಗೆ ತಲಾ 2 ಲಕ್ಷ ರೂಪಾಯಿ ಪರಿಹಾರ ಘೋಷಿಸಿದವು. ನಾಡು ಮರುಗಿತು, ಬಳಿಕ ಎಂದಿನಂತೆ ಮರೆಯಿತು.

ಆ ಅಪಘಾತದಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವುದು ತನಿಖೆ ಮತ್ತು ನ್ಯಾಯಾಲಯದ ಕೆಲಸ. ನಮ್ಮ ಪ್ರಶ್ನೆ ಬೇರೆ. ಇಂಥ ದುರಂತಗಳ ನಂತರ ಚಾಲಕನ ವೇಗವೆಷ್ಟು, ಪರವಾನಗಿ ಇತ್ತೇ, ನಿದ್ದೆಗೆಟ್ಟಿದ್ದನೇ ಎಂದು ವಿಚಾರಿಸಲಾಗುತ್ತದೆ. ಮಾಲೀಕನಲ್ಲಿ ವಿಮೆಯ ಕಾಗದ ಕೇಳಲಾಗುತ್ತದೆ. ಆದರೆ ರಸ್ತೆಯನ್ನು ಯಾರಾದರೂ ಪ್ರಶ್ನಿಸುತ್ತಾರೆಯೇ? ತಿರುವಿಗೆ ಅಷ್ಟೇ ಅಗಲ ಸಾಕೆಂದು ನಿರ್ಧರಿಸಿದವರು ಯಾರು? ಎದುರಿನ ವಾಹನ ಕಾಣದಂತೆ ಬೆಳೆದ ಪೊದೆಗಳನ್ನು ಕಡಿಸಬೇಕಾದವರು ಯಾರು? ಬಿಳಿ ಪಟ್ಟೆಯಾಗಲಿ ಸೂಚನಾ ಫಲಕವಾಗಲಿ ಇಲ್ಲದ ಹಂಪ್ ಯಾರ ಕೊಡುಗೆ?

2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಈ ಸಾವುಗಳಲ್ಲಿ ಶೇಕಡಾ 71ರಷ್ಟು 'ಅತಿವೇಗ'ದ ಖಾತೆಗೆ ಸೇರಿವೆ. ವೇಗ ಕೊಲ್ಲುತ್ತದೆ ಎಂಬುದು ನಿಜ. ನಮ್ಮ ಮನೆಯ ಯುವಕರಿಗೂ ಆ ಬುದ್ಧಿಮಾತು ಅಗತ್ಯ. ಆದರೆ ಚಾಲಕನ ಹೆಸರು ಬರೆದೊಡನೆ ಇಂಜಿನಿಯರ್, ಗುತ್ತಿಗೆದಾರ, ಇಲಾಖೆ ಎಲ್ಲರೂ ನಿರಾಳರಾಗುತ್ತಾರೆ ಎಂಬುದೂ ಅಷ್ಟೇ ನಿಜ.

ನಂಜನಗೂಡು ಮತ್ತು ತಿ. ನರಸೀಪುರಗಳೆರಡನ್ನೂ ಹಾದುಹೋಗುವುದು ಒಂದೇ ರಸ್ತೆ, ಕೋಝಿಕ್ಕೋಡಿನಿಂದ ಕೊಳ್ಳೇಗಾಲದ ತನಕದ ರಾಷ್ಟ್ರೀಯ ಹೆದ್ದಾರಿ 766. ಕಾರ್ಖಾನೆಯ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಯಾತ್ರಾರ್ಥಿಗಳ ವಾಹನ, ಶಾಲಾ ಮಕ್ಕಳ ಸೈಕಲ್ ಎಲ್ಲವೂ ಇದರಲ್ಲೇ ಸಾಗಬೇಕು. ಇದೇ ಹೆದ್ದಾರಿ ಬಂಡೀಪುರ ಅರಣ್ಯವನ್ನು ದಾಟುವಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ ಸಂಚಾರ ನಿಷೇಧವಿದೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಮನಸ್ಸು ಮಾಡಿದರೆ ಜೀವ ಉಳಿಸಲು ಸರಕಾರ ಒಂದು ಹೆದ್ದಾರಿಯನ್ನೇ ನಿಯಂತ್ರಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಅದೇ ಮನಸ್ಸು ಮನುಷ್ಯರ ವಿಷಯದಲ್ಲೇಕೆ ಇಲ್ಲ? ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳಾದರೆ, ಇಲ್ಲವೇ ಹತ್ತು ಮಂದಿ ಸತ್ತರೆ ಅದು 'ಬ್ಲ್ಯಾಕ್ ಸ್ಪಾಟ್' ಎನಿಸುತ್ತದೆ. ಅಂದರೆ ಅಪಾಯವನ್ನು ಗುರುತಿಸಲು ಮೊದಲು ಹೆಣ ಎಣಿಸಬೇಕು! ಕುರುಬೂರಿನಲ್ಲಿ ಆ ಹತ್ತರ ಲೆಕ್ಕ ಒಂದೇ ಕ್ಷಣದಲ್ಲಿ ತುಂಬಿತು.

ಹಾಗೆಂದು ಕಾನೂನು ಮೌನವಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಮನ್ನು ಸೇರಿಸಲಾಯಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತವರು ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ 1 ಲಕ್ಷ ರೂಪಾಯಿವರೆಗೆ ದಂಡ ತೆರಬೇಕು. ಅಪಾಯದ ಅರಿವು ಅವರಿಗಿತ್ತೇ, ಎಚ್ಚರಿಕೆಯ ಫಲಕ ಹಾಕಿದ್ದರೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸಬೇಕು. ಆದರೆ ಒಂದು ಜೀವಕ್ಕೆ 1 ಲಕ್ಷದ ಮಿತಿ! ಆ ಹಣವೂ ಸೇರುವುದು ಅಪಘಾತ ನಿಧಿಗೆ, ನೊಂದ ಮನೆಗಲ್ಲ.

ನ್ಯಾಯಾಲಯಗಳು ಇನ್ನೂ ಮುಂದೆ ಹೋಗಿವೆ. ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2019ರಲ್ಲಿ, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯಡಿ ನಾಗರಿಕರ ಹಕ್ಕು, ಅದರ ಉಲ್ಲಂಘನೆಗೆ ಪರಿಹಾರ ಕೇಳಬಹುದು ಎಂದಿತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ರಸ್ತೆಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಪರಿಹಾರ ನಿಧಿಯ ಚೆಕ್ಕು ಕರುಣೆ, ಈ ತೀರ್ಪುಗಳು ಹೇಳುವುದು ಹಕ್ಕು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಅರಸೀಕೆರೆಯ ಪ್ರಕರಣ ನೋಡಿ. 2014ರಲ್ಲಿ ಅಲ್ಲಿ ಕಾರು ಮಗುಚಿ ಚಾಲಕ ಸತ್ತರು. ಅವರದೇ ಅತಿವೇಗ ಕಾರಣವೆಂದು ರುಜುವಾದುದರಿಂದ ಕುಟುಂಬಕ್ಕೆ ವಿಮಾ ಪರಿಹಾರ ಸಲ್ಲದೆಂಬ ತೀರ್ಪನ್ನು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತಪ್ಪು ಚಾಲಕನದೇ ಆಗಿದ್ದರೆ ಹೇಳುವುದೇನೂ ಇಲ್ಲ. ಆದರೆ ತಪ್ಪು ರಸ್ತೆಯದಾಗಿದ್ದು ಪೊಲೀಸರ ಕಾಗದದಲ್ಲಿ ಅದು ದಾಖಲಾಗದಿದ್ದರೆ? ವಿಧವೆ ಮತ್ತು ಮಕ್ಕಳ ಪಾಲಿನ ನ್ಯಾಯ ಆ ಒಂದು ಹಾಳೆಯಲ್ಲೇ ಮುಗಿದುಹೋಗುತ್ತದೆ.

ಆದ್ದರಿಂದ ಪ್ರತಿಯೊಂದು ಮಾರಣಾಂತಿಕ ಅಪಘಾತದ ಸ್ಥಳ ಮಹಜರಿನಲ್ಲಿ ರಸ್ತೆಯ ಸ್ಥಿತಿ ಕಡ್ಡಾಯವಾಗಿ ದಾಖಲಾಗಲಿ. ರಸ್ತೆ ಸುರಕ್ಷತಾ ಪರಿಶೋಧನೆಯ ವರದಿಗಳನ್ನು ಜಿಲ್ಲಾಡಳಿತ ಬಹಿರಂಗಪಡಿಸಲಿ. ದಂಡದ ಮಿತಿ ಏರಲಿ, ಅದು ಸಂತ್ರಸ್ತರಿಗೆ ಸಲ್ಲಲಿ. ಕುಟುಂಬಗಳೂ ಅಂದೇ ಸ್ಥಳದ ಫೋಟೋ ತೆಗೆದಿಡಬೇಕು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಗೆ ಲಿಖಿತ ದೂರು ನೀಡಬೇಕು, ಮಾಹಿತಿ ಹಕ್ಕಿನಡಿ ದಾಖಲೆ ಕೇಳಬೇಕು. ಮೊಹಲ್ಲಾದ ವಿದ್ಯಾವಂತರು ಅವರಿಗೆ ಅರ್ಜಿ ಬರೆದುಕೊಡಲಿ.

ಸಾವು ವಿಧಿಯೆಂದು ನಂಬುವವರು ನಾವು. ಆದರೆ ಆ ನಂಬಿಕೆ ಹೊಣೆಗೇಡಿಗಳಿಗೆ ಆಶ್ರಯವಾಗಬಾರದು. ದೂರದ ಇರಾಕಿನಲ್ಲಿ ಹೇಸರಗತ್ತೆಯೊಂದು ಎಡವಿದರೂ ದಾರಿಯನ್ನೇಕೆ ಸಮಗೊಳಿಸಲಿಲ್ಲವೆಂದು ತನ್ನನ್ನು ಕೇಳಲಾದೀತೆಂದು ಖಲೀಫ ಉಮರ್(ರ) ಅಂಜುತ್ತಿದ್ದರಂತೆ. ನಮ್ಮ ಆಡಳಿತಗಾರರಿಗೆ ಆ ಅಂಜಿಕೆ ತಾನಾಗಿ ಬರದಿದ್ದರೆ, ಪ್ರಶ್ನೆ ಕೇಳಿ ಅದನ್ನು ಹುಟ್ಟಿಸುವ ಹೊಣೆ ಪ್ರಜೆಗಳದು.