ತೊಗರಿಯ ಮಿತಿ, ವ್ರತದ ಮಿತಿ

ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರ ಪೇಟೆಗಳ ನಮ್ಮ ವ್ಯಾಪಾರಿ ಬಂಧುಗಳು ರಾಜಕೀಯ ಸುದ್ದಿ ಓದುವುದು ತೊಗರಿಯ ದರ ನೋಡಿದ ಮೇಲೆಯೇ. ಅದರಲ್ಲಿ ತಪ್ಪೇನಿಲ್ಲ, ಈಗೀಗ ಎರಡೂ ಒಂದೇ ಆಗಿವೆ.

2021ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ತೊಗರಿ ಆಮದಿನ ನಿರ್ಬಂಧ ತೆಗೆಯಿತು. ಮೊಜಾಂಬಿಕ್, ಬರ್ಮಾಗಳ ಕಾಳು ಬಂದರು ಮುಟ್ಟಿದರೆ ಇಲ್ಲಿಯ ದರ ಅಲುಗಾಡುತ್ತದೆ. ಅದೂ ಸಾಲದೆಂಬಂತೆ 2023ರ ಜೂನ್ 2ರಂದು ದಾಸ್ತಾನು ಮಿತಿ ಬಂತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ದಶಲಕ್ಷಣ ಪರ್ವ ನಡೆದಿರುವಾಗಲೇ, ಸೆಪ್ಟೆಂಬರ್ 25ರಂದು, ಆ 200 ಟನ್ 50ಕ್ಕೆ ಇಳಿಯಿತು. ನಾಲ್ಕು ತಿಂಗಳೊಳಗೆ ಹೀಗೆ ಮಾತು ಬದಲಿಸುವ ಸರಕಾರವನ್ನು ನಂಬಿ ಬಂಡವಾಳ ಹೂಡುವುದು ಕಷ್ಟ. ಸುಗ್ಗಿಯಲ್ಲಿ ಒಮ್ಮೆಲೇ ಬರುವ ಕಾಳನ್ನು ವರ್ಷವಿಡೀ ಕಾದಿಡುವವರು ಯಾರಾದರೂ ಬೇಕಲ್ಲ! ಅದು ಕಾಳಸಂತೆಯಲ್ಲ.

ಆದರೆ ಮಿತಿ ಎಂಬ ಮಾತು ನಮಗೆ ಹೊಸದೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಎಣಿಸಿದ್ದಾರೆ. ಅಲ್ಲಿ ಟನ್ನಿನ ಲೆಕ್ಕವಿಲ್ಲ; ಲೆಕ್ಕ ಹಾಕಿಕೊಳ್ಳಬೇಕಾದವನು ಶ್ರಾವಕನೇ. ದರ ಏರಲೆಂದೇ ಗೋದಾಮಿನ ಬಾಗಿಲು ಮುಚ್ಚಿದರೆ, ಸರಕಾರದ ಮಿತಿಯೊಳಗಿದ್ದರೂ ವ್ರತಕ್ಕೆ ದೋಷವೇ. ಇನ್ನು ಮಗನ ಹೆಸರಿಗೊಂದು, ಸೊಸೆಯ ಹೆಸರಿಗೊಂದು ಪೇಢಿ ತೆರೆದು ಚೀಲ ಹಂಚುವ ಜಾಣತನವಿದೆಯಲ್ಲ, ಅದನ್ನು ಇನ್ಸ್‌ಪೆಕ್ಟರ್ ಒಪ್ಪಿಯಾನು; ಬೀಗದ ಕೈ ಮಾತ್ರ ಒಬ್ಬರ ಸೊಂಟದಲ್ಲೇ ಇರುತ್ತದೆ. ಮುಂದಿನ ಪರ್ವದಲ್ಲಿ ವ್ರತ ಹಿಡಿಯುವವರು ಎಲ್ಲ ಪೇಢಿಗಳ ಚೀಲ ಕೂಡಿಸಿ, ಮಿತಿಯನ್ನು ಕಿರ್ದಿಯ ಮೊದಲ ಪುಟದಲ್ಲೇ ಬರೆಯಲಿ.