ಕಣ್ಣು ಮಿಟುಕಿಸಲಾರದವರ ಹಕ್ಕು

ಬ್ಯಾಂಕಿನಲ್ಲಿ ಖಾತೆಯನ್ನು ತೆರೆಯಬಂದವನು ಸಜೀವನೋ ಅಲ್ಲವೋ ಎಂಬುದನ್ನು ಈ ಕಾಲದಲ್ಲಿ ಗುಮಾಸ್ತನು ನಿರ್ಣಯಿಸಬೇಕಾಗಿಲ್ಲ. ಮೊಬೈಲಿನ ಕ್ಯಾಮರಾ ನಿರ್ಣಯಿಸುತ್ತದೆ. ಕಣ್ಣು ಮಿಟುಕಿಸೆಂದು ಅದರ ಅಪ್ಪಣೆ. ಆಮ್ಲದಾಳಿಯಿಂದ ರೆಪ್ಪೆಗಳನ್ನು ಕಳೆದುಕೊಂಡವರು ಏನನ್ನು ಮಿಟುಕಿಸಬೇಕು? ಮುಖವನ್ನು ಚೌಕಟ್ಟಿನೊಳಗೆ ನಿಲ್ಲಿಸೆಂದರೆ, ಚೌಕಟ್ಟನ್ನೇ ಕಾಣದ ಅಂಧರು ಎಲ್ಲಿ ನಿಲ್ಲಿಸಬೇಕು? ಇಷ್ಟನ್ನು ಕೇಳುವುದಕ್ಕೆ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2025ನೆಯ ಏಪ್ರಿಲ್ 30ರಂದು ನ್ಯಾಯಾಲಯವು, ಡಿಜಿಟಲ್ ಸೌಕರ್ಯಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿ, 20 ನಿರ್ದೇಶಗಳನ್ನು ಕೊಟ್ಟಿತು.

ಯಂತ್ರಪಕ್ಷಪಾತಿಗಳ ಸಮಾಧಾನವಾದರೋ ವಿಚಿತ್ರವಾದುದು. ವಂಚನೆಯನ್ನು ತಡೆಯಲು ಬಿಗಿ ಬೇಕು, ಕೆಲವರ ತೊಂದರೆಯನ್ನು ಆಮೇಲೆ ಸರಿಪಡಿಸಬಹುದು ಎನ್ನುತ್ತಾರೆ. ವಂಚಕನನ್ನು ಹಿಡಿಯಬಾರದೆಂದವರಾರು? ಆದರೆ ರೆಪ್ಪೆಯ ಚಲನವೇ ಸಜೀವತೆಯ ಲಕ್ಷಣವೆಂಬುದು ಅವ್ಯಾಪ್ತಿದೋಷಕ್ಕೆ ಗುರಿಯಾದ ಮಾತು. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹಸುವೇ ಅಲ್ಲವೆಂದಂತಾಯಿತು. ತರ್ಕದ ಮೊದಲ ಪಾಠವನ್ನೋದಿದ ಬಾಲಕನೂ ಇದನ್ನೊಪ್ಪನು. ಜನಕರಾಜನ ದ್ವಾರಪಾಲಕನೂ ಅಷ್ಟಾವಕ್ರನನ್ನು ಬಾಲಕನೆಂದು ತಡೆದನಷ್ಟೆ. ಆದರೆ ಆತನಿಗೆ ಕಿವಿಯಿತ್ತು. ಉತ್ತರವನ್ನು ಕೇಳಿ ಒಳಗೆ ಬಿಡಲೊಪ್ಪಿದನು. ಈಗಿನ ದ್ವಾರಪಾಲಕನು ಉತ್ತರವನ್ನೇ ಕೇಳುವುದಿಲ್ಲ. ತಿರಸ್ಕೃತವಾದ ಅರ್ಜಿಯನ್ನು ಮನುಷ್ಯನೊಬ್ಬನು ಮರಳಿ ಪರಿಶೀಲಿಸಬೇಕೆಂದು ನ್ಯಾಯಾಲಯವು ವಿಧಿಸಿದುದು ಸರಿಯಾಗಿಯೇ ಇದೆ.

ದೋಷದ ಬೇರು ಇನ್ನೂ ಕೆಳಗಿದೆ. 2016ನೆಯ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಕಟ್ಟಡ, ವಾಹನ, ಮಾಹಿತಿ, ಸಂಪರ್ಕಸಾಧನಗಳು ಇವರಿಗೆ ನಿಲುಕುವಂತೆ ನಿಯಮಗಳನ್ನು ಮಾಡತಕ್ಕದ್ದೆಂದು 40ನೆಯ ಪ್ರಕರಣದಲ್ಲಿ ಹೇಳಿತು. 2017ರ ನಿಯಮಾವಳಿಯಲ್ಲಿ ಆ ‘ತಕ್ಕದ್ದು’ ಕರಗಿ ‘ಮಾಡಿದರೆ ಒಳ್ಳೆಯದು’ ಎಂಬ ಬರಿಯ ಸಲಹೆಯಾಯಿತು. 2024ನೆಯ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ಅದರ 15ನೆಯ ನಿಯಮವು ಅಧಿನಿಯಮಕ್ಕೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯದ ನಿಯಮಗಳನ್ನು ಮಾಡಲು ಸರ್ಕಾರಕ್ಕೆ ಮೂರು ತಿಂಗಳ ಅವಧಿಯನ್ನು ಕೊಟ್ಟಿತು. ಏಳು ವರ್ಷಗಳು ಸಲಹೆಯಲ್ಲಿಯೇ ಕಳೆದಿದ್ದವು! (ಸರ್ಕಾರವು ಇವರನ್ನು ‘ದಿವ್ಯಾಂಗಜನ’ರೆಂದು ಕರೆಯತೊಡಗಿತ್ತು; ಶಬ್ದಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಕೊರತೆಯೇನೂ ಇಲ್ಲ.)

ದಯೆಯಿಂದ ಕೊಟ್ಟ ವಿನಾಯಿತಿ ಬೇರೆ, ಹಕ್ಕಿನಿಂದ ದೊರೆತ ಪ್ರವೇಶ ಬೇರೆ. ಅಧಿಕಾರಿಯ ಮನಸ್ಸು ಕರಗಿದ ದಿನ ಮಾತ್ರ ತೆರೆಯುವ ಖಾತೆಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಲಿಲ್ಲ. ತಂತ್ರಾಂಶವನ್ನು ಕೊಳ್ಳುವ ಮೊದಲೇ ಅದನ್ನು ಅಂಧರ, ಕಿವುಡರ, ಕೈಯಿಲ್ಲದವರ ಮುಂದಿಟ್ಟು ಪರೀಕ್ಷಿಸತಕ್ಕದ್ದು; ಅವರಿಂದ ಬಳಸಲಾಗದಿದ್ದರೆ ಹಣವನ್ನು ತಡೆಯತಕ್ಕದ್ದು. ತಯಾರಾದುದನ್ನು ತಿದ್ದುವ ವೆಚ್ಚವನ್ನು ತೋರಿಸಿ ಹೆದರಿಸುವವರು, ಮೊದಲೇ ಇವರನ್ನು ಕೇಳಿದ್ದರೆ ಆ ವೆಚ್ಚದಲ್ಲಿ ಬಹುಭಾಗವು ಉಳಿಯುತ್ತಿತ್ತೆಂಬುದನ್ನೇಕೆ ಮರೆಸುತ್ತಾರೆ?